ಮಾತ್ರೆಗೂ ಒಂದು ಲೆಕ್ಕ ಇರಲಿ

ಮಳೆ ಹಿಡಿಯಿತೆಂದರೆ ಯಾವ ಊರಿನ ದವಾಖಾನೆಯಲ್ಲೂ ಬೆಂಚು ಖಾಲಿ ಇರುವುದಿಲ್ಲ. ಒಬ್ಬರಿಗೆ ಗಂಟಲು ನೋವು, ಒಬ್ಬರಿಗೆ ಕಿವಿ ಸೋರುವುದು, ಒಬ್ಬರಿಗೆ ಉರಿಮೂತ್ರ, ಇನ್ನೊಬ್ಬರಿಗೆ ಹಲ್ಲಿನ ಬುಡದಲ್ಲಿ ಕೀವು. ಡಾಕ್ಟರು ನೋಡುತ್ತಾರೆ, ಬೇಕೆನಿಸಿದರೆ ಆ್ಯಂಟಿಬಯೋಟಿಕ್ ಬರೆಯುತ್ತಾರೆ. ಅದು ಹತ್ತು ನಿಮಿಷದ ಕೆಲಸ. ಆಮೇಲಿನ ಐದು ದಿನವೋ ಏಳು ದಿನವೋ ಆ ಚೀಟಿಯನ್ನು ನಡೆಸಿಕೊಂಡು ಹೋಗಬೇಕಾದವರು ಮನೆಯವರು. ಎಡವಟ್ಟು ಆಗುವುದೂ ಅಲ್ಲಿಯೇ. ಒಂದು ಹೊತ್ತು ಮರೆತುಹೋಗುತ್ತದೆ. ಇನ್ನೊಂದು ಹೊತ್ತು ಅಜ್ಜಿ ಕೊಟ್ಟದ್ದನ್ನೇ ಅಮ್ಮ ಮತ್ತೆ ಕೊಡುತ್ತಾಳೆ. ಮೂರನೆಯ ದಿನ ಭೇದಿ ಶುರುವಾದರೆ ಮಾತ್ರೆ ಬಿಡುವುದೋ ಮುಂದುವರಿಸುವುದೋ ಎಂದು ಮನೆಮಂದಿಯೆಲ್ಲ ಒಂದೊಂದು ಹೇಳುತ್ತಾರೆ.

ನಾನು ಡಾಕ್ಟರಲ್ಲ. ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಜೀವಮಾನ ಕಳೆದವನು. ಯಾರಿಗೆ ಯಾವ ಔಷಧಿ ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಡಾಕ್ಟರು ಬರೆದುಕೊಟ್ಟ ಮೇಲೆ ಮನೆಯಲ್ಲಿ ನಡೆಯಬೇಕಾದದ್ದು ಬಹುಮಟ್ಟಿಗೆ ಲೆಕ್ಕದ ಕೆಲಸ. ಹೆಸರು ನೋಡುವುದು, ಮೊತ್ತ ನೋಡುವುದು, ತಾರೀಖು ನೋಡುವುದು, ಬರೆದಿಡುವುದು. ಅದರ ಬಗ್ಗೆ ಈ ವಾರ ನಾಲ್ಕು ಮಾತು. ಮಕ್ಕಳೇ, ಇದರಲ್ಲಿ ನಿಮಗೂ ಒಂದು ಕೆಲಸ ಇದೆ, ಪೂರ್ತಿ ಓದಿ.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಆ್ಯಂಟಿಬಯೋಟಿಕ್ ಎಂಬುದು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ, ಇಲ್ಲವೇ ಅವು ಬೆಳೆಯದಂತೆ ತಡೆಯುವ ಔಷಧಿ. ವೈರಸ್ಸಿನ ಮೇಲೆ ಅದರ ಆಟ ನಡೆಯುವುದಿಲ್ಲ. ಮಾಮೂಲಿ ನೆಗಡಿ, ಫ್ಲೂ, ಡೆಂಗಿ ಇವೆಲ್ಲ ವೈರಸ್ಸಿನಿಂದ ಬರುವಂಥವು. ಹಾಗಾಗಿ ನೆಗಡಿಯಾದ ಮಗುವನ್ನು ನೋಡಿ ಡಾಕ್ಟರು ‘ಬಿಸಿನೀರು ಕುಡಿಸಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಿ, ಸಾಕು’ ಎಂದರೆ ಅವರು ಸರಿಯಾಗಿ ನೋಡಲಿಲ್ಲ ಎಂದು ಬೇಸರಪಡಬೇಡಿ. ‘ಸ್ವಲ್ಪ ಸ್ಟ್ರಾಂಗ್ ಆಗಿರೋದು ಬರೆದುಕೊಡಿ ಸಾರ್’ ಎಂದು ದುಂಬಾಲು ಬೀಳುವುದಂತೂ ಬೇಡವೇ ಬೇಡ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಹೆಸರನ್ನು ಪಾಠದಲ್ಲಿ ಓದಿರುತ್ತೀರಿ. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ, ಗಾಜಿನ ತಟ್ಟೆಯೊಂದಕ್ಕೆ ಹಿಡಿದಿದ್ದ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾಗಳು ಸತ್ತಿದ್ದನ್ನು ಅವರು ನೋಡಿದರು. 1945ರಲ್ಲಿ ಫ್ಲೋರಿ ಮತ್ತು ಚೈನ್ ಜೊತೆಗೆ ಅವರಿಗೆ ನೊಬೆಲ್ ಬಂತು. ಆ ಸಂದರ್ಭದ ಭಾಷಣದಲ್ಲೇ ಫ್ಲೆಮಿಂಗ್ ಒಂದು ಕಲ್ಪಿತ ಕತೆ ಹೇಳಿದ್ದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ, ಔಷಧಿಯನ್ನು ಎದುರಿಸುವುದನ್ನು ಕಲಿಯುತ್ತವೆ. ಅವೇ ಹೆಂಡತಿಗೆ ಅಂಟಿ ಅವಳಿಗೆ ನ್ಯುಮೋನಿಯಾ ಆಗುತ್ತದೆ. ಈಗ ಪೆನಿಸಿಲಿನ್ ಕೊಟ್ಟರೆ ನಾಟುವುದಿಲ್ಲ, ಅವಳು ತೀರಿಕೊಳ್ಳುತ್ತಾಳೆ. ಔಷಧಿ ತಿಂದವನು ಒಬ್ಬ, ಅದರ ಸಾಲ ತೀರಿಸಿದವಳು ಮತ್ತೊಬ್ಬಳು. ಈ ಔಷಧಿಯನ್ನು ಬೇರೆ ಔಷಧಿಗಳಂತೆ ಮನಸ್ಸಿಗೆ ಬಂದ ಹಾಗೆ ನುಂಗಬಾರದು ಎನ್ನುವುದಕ್ಕೆ ಕಾರಣ ಇದೇ.

ಡಾಕ್ಟರ ಎದುರು ಹೇಳಬೇಕಾದದ್ದು

ಚೀಟಿ ಬರೆಯುವ ಮುಂಚೆ ಡಾಕ್ಟರಿಗೆ ಕೆಲವು ವಿಷಯ ಗೊತ್ತಾಗಬೇಕು. ಅವರು ಕೇಳಲಿ ಬಿಡಲಿ, ನಾವೇ ಬಾಯಿಬಿಟ್ಟು ಹೇಳಬೇಕು.

ಮೊದಲನೆಯದು, ಹಿಂದೆ ಯಾವುದಾದರೂ ಔಷಧಿ ಒಗ್ಗದೆ ತೊಂದರೆ ಆಗಿತ್ತೇ? ‘ಯಾವುದೋ ಇಂಜೆಕ್ಷನ್ ಆಗಲ್ಲ’ ಎಂದರೆ ಡಾಕ್ಟರಿಗೆ ಉಪಯೋಗವಿಲ್ಲ. ಔಷಧಿಯ ಹೆಸರು, ಯಾವ ವರ್ಷ, ತೆಗೆದುಕೊಂಡ ಎಷ್ಟು ಹೊತ್ತಿಗೆ ಏನಾಯಿತು, ಮೈಮೇಲೆ ಗಂಧೆ ಎದ್ದಿತೋ, ಉಸಿರು ಕಟ್ಟಿತೋ, ಬರೀ ಹೊಟ್ಟೆ ತೊಳಸಿತೋ, ಇಷ್ಟು ಹೇಳಬೇಕು. ಹೊಟ್ಟೆ ತೊಳಸುವುದು ಅಲರ್ಜಿಯಲ್ಲ, ಅಡ್ಡ ಪರಿಣಾಮ. ಉಸಿರು ಕಟ್ಟುವುದು ಅಲರ್ಜಿ, ಅದೂ ಪ್ರಾಣಕ್ಕೆ ಬರುವಂಥದ್ದು. ಪೆನಿಸಿಲಿನ್ ಅಲರ್ಜಿ ಎಂದು ಹೇಳಿಕೊಂಡು ಬಂದ ಬಹಳ ಜನರನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಿದಾಗ ಅಲರ್ಜಿ ಇಲ್ಲವೆಂದೇ ಗೊತ್ತಾಗಿದೆ. ಇಲ್ಲದ ಅಲರ್ಜಿ ದಾಖಲಾದರೆ ಒಳ್ಳೆಯ ಔಷಧಿ ಕೈತಪ್ಪುತ್ತದೆ. ಇರುವ ಅಲರ್ಜಿ ದಾಖಲಾಗದಿದ್ದರೆ ಜೀವಕ್ಕೇ ಅಪಾಯ.

ನಮ್ಮ ಬ್ಯಾಂಕಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಷರ್ಟಿನ ಜೇಬಿನಲ್ಲಿ ಸದಾ ಒಂದು ಕಾರ್ಡು ಇಟ್ಟುಕೊಳ್ಳುತ್ತಿದ್ದರು. ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷಕ್ಕೆ ಮುಖ ಊದಿ ಉಬ್ಬಸ ಬಂದದ್ದನ್ನು ಅದರಲ್ಲಿ ತಾರೀಖಿನ ಸಮೇತ ಬರೆದಿದ್ದರು. ಒಮ್ಮೆ ಅವರು ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಕಾಲಿಗೆ ಗಾಯವಾಗಿ ಗುರುತಿಲ್ಲದ ಆಸ್ಪತ್ರೆ ಸೇರಿದಾಗ ಅಲ್ಲಿನ ನರ್ಸು ಮೊದಲು ಓದಿದ್ದು ಆ ಕಾರ್ಡನ್ನು. ಮಾತಾಡುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಅವರ ಪರವಾಗಿ ಕಾರ್ಡು ಮಾತಾಡಿತು.

ಎರಡನೆಯದು, ಈಗ ದಿನವೂ ನುಂಗುತ್ತಿರುವ ಮಾತ್ರೆಗಳು. ನನ್ನ ವಯಸ್ಸಿನವರಿಗೆ ಇದು ಬಹಳ ಮುಖ್ಯ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಕೆಲವು ಆ್ಯಂಟಿಬಯೋಟಿಕ್ ಸೇರಿದರೆ ರಕ್ತಸ್ರಾವ ಆಗಬಹುದು. ಕೊಲೆಸ್ಟರಾಲ್ ಮಾತ್ರೆಯ ಜೊತೆ ಕ್ಲಾರಿಥ್ರೊಮೈಸಿನ್ ಸೇರಿದರೆ ಮಾಂಸಖಂಡಗಳಿಗೆ ಹಾನಿಯಾಗಬಹುದು. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಿಗೆ ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಿ ಕೊಟ್ಟಾಗ ಸಕ್ಕರೆ ಏಕಾಏಕಿ ಇಳಿಯುವುದುಂಟು. ಡಾಕ್ಟರಿಗೆ ಗೊತ್ತಾದರೆ ಬೇರೆ ಔಷಧಿ ಬರೆಯುತ್ತಾರೆ, ಇಲ್ಲವೇ ಪ್ರಮಾಣ ಬದಲಿಸುತ್ತಾರೆ. ಹಾಗಾಗಿ ಹೋಗುವಾಗ ಮಾತ್ರೆಯ ಡಬ್ಬವನ್ನೇ ಕೈಚೀಲಕ್ಕೆ ಹಾಕಿಕೊಂಡು ಹೋಗಿ. ‘ಬಿಳೀ ಬಣ್ಣದ್ದು, ಸಣ್ಣದು’ ಎಂಬ ವರ್ಣನೆಯಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಮೂರನೆಯದು, ಕಿಡ್ನಿ ಅಥವಾ ಲಿವರಿನ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಅದನ್ನು ಹೇಳುವುದು. ಇದರಲ್ಲಿ ಸಂಕೋಚ ಬೇಡ.

ಔಷಧಿ ಅಂಗಡಿಯಲ್ಲಿ

ಚೆಕ್ಕು ಬಂದರೆ ನಾವು ಹೆಸರು, ಮೊತ್ತ, ತಾರೀಖು, ಸಹಿ ನೋಡದೆ ಹಣ ಕೊಡುತ್ತಿರಲಿಲ್ಲ. ಔಷಧಿ ಅಂಗಡಿಯ ಕೌಂಟರಿನಲ್ಲೂ ಹಾಗೆಯೇ. ಔಷಧಿಯ ಹೆಸರು ಚೀಟಿಯಲ್ಲಿರುವುದೇ ಹೌದೇ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ, ಅವಧಿ ಯಾವಾಗ ಮುಗಿಯುತ್ತದೆ. ಈ ಐದನ್ನು ಅಲ್ಲೇ ನಿಂತು ನೋಡಿ. ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಬಿ.ಡಿ. ಎಂದರೆ ದಿನಕ್ಕೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ. ಅರ್ಥವಾಗದಿದ್ದರೆ ಮಾತ್ರೆಯ ಕವರಿನ ಮೇಲೆ ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿ. ಬರೆದುಕೊಡುತ್ತಾರೆ.

ಪಟ್ಟಿಯ ಹಿಂಬದಿಯಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಕಂಡರೆ, ಅದು ಡಾಕ್ಟರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧಿ ಎಂದು ಅರ್ಥ. ಇದನ್ನು ಜನರಿಗೆ ತಿಳಿಸಲು ಕೇಂದ್ರ ಸರ್ಕಾರ 2016ರಲ್ಲಿ ಅಭಿಯಾನವನ್ನೇ ನಡೆಸಿತು. ಷೆಡ್ಯೂಲ್ ಎಚ್1 ಎಂಬ ಪಟ್ಟಿಯಲ್ಲಿರುವ ಕೆಲವು ಆ್ಯಂಟಿಬಯೋಟಿಕ್‌ಗಳಿಗೆ 2014ರಿಂದ ಅಂಗಡಿಯವರು ಪ್ರತ್ಯೇಕ ರಿಜಿಸ್ಟರ್ ಇಡಬೇಕು. ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧಿ ಮತ್ತು ಪ್ರಮಾಣ ನಮೂದಿಸಿ ಮೂರು ವರ್ಷ ಕಾಪಾಡಬೇಕು. ಆದ್ದರಿಂದ ಅಂಗಡಿಯ ಹುಡುಗ ಚೀಟಿ ಕೇಳಿದರೆ ಸಿಟ್ಟಾಗಬೇಡಿ, ಅವನು ತನ್ನ ಕೆಲಸ ಮಾಡುತ್ತಿದ್ದಾನೆ.

ಇನ್ನೊಂದು ಎಚ್ಚರ. ಒಂದೇ ಔಷಧಿ ಹತ್ತಾರು ಕಂಪನಿ ಹೆಸರುಗಳಲ್ಲಿ ಬರುತ್ತದೆ. ಹಲ್ಲಿನ ಡಾಕ್ಟರು ಒಂದು ಹೆಸರಿನಲ್ಲಿ ಬರೆದದ್ದೂ ಗಂಟಲಿನ ಡಾಕ್ಟರು ಇನ್ನೊಂದು ಹೆಸರಿನಲ್ಲಿ ಬರೆದದ್ದೂ ಒಳಗೆ ಅದೇ ಅಮಾಕ್ಸಿಸಿಲಿನ್ ಆಗಿರಬಹುದು. ಒಬ್ಬನೇ ಆಸಾಮಿ ಎರಡು ಪಾಸ್‌ಬುಕ್ ಇಟ್ಟುಕೊಂಡ ಹಾಗೆ. ದೊಡ್ಡಕ್ಷರದ ಕಂಪನಿ ಹೆಸರಿನ ಹತ್ತಿರವೇ ಸಣ್ಣಕ್ಷರದಲ್ಲಿ ಮೂಲ ಔಷಧಿಯ ಹೆಸರು ಇರುತ್ತದೆ. ಕನ್ನಡಕ ಹಾಕಿಕೊಂಡು ಅದನ್ನು ಓದಿ.

ಮಕ್ಕಳ ಸಿರಪ್ಪು

ಮಕ್ಕಳಿಗೆ ಕೊಡುವ ಆ್ಯಂಟಿಬಯೋಟಿಕ್ ಅನೇಕ ಸಲ ಬಾಟಲಿಯಲ್ಲಿ ಪುಡಿಯಾಗಿ ಬರುತ್ತದೆ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಮೊದಲು ಸ್ವಲ್ಪ ಹಾಕಿ ಚೆನ್ನಾಗಿ ಕುಲುಕಿ, ನೊರೆ ಇಳಿದ ಮೇಲೆ ಬಾಟಲಿಯ ಗುರುತಿನ ಗೆರೆಯವರೆಗೆ ತುಂಬಿಸಬೇಕು. ಬಿಸಿನೀರು ಹಾಕಿದರೆ ಔಷಧಿ ಕೆಡಬಹುದು. ಗೆರೆ ದಾಟಿಸಿದರೆ ಔಷಧಿ ತೆಳುವಾಗಿ ಮಗುವಿಗೆ ಪ್ರಮಾಣ ಸಾಲುವುದಿಲ್ಲ. ಅನುಮಾನವಿದ್ದರೆ ಅಂಗಡಿಯವರಿಂದಲೇ ಕಲಸಿಸಿಕೊಳ್ಳಿ.

ಕಲಸಿದ ಮೇಲೆ ಅದರ ಆಯುಸ್ಸು ಚಿಕ್ಕದು. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನಿಕ್ ಆ್ಯಸಿಡ್ ಸೇರಿದ ಸಿರಪ್ಪನ್ನು ಫ್ರಿಜ್ಜಿನಲ್ಲಿಟ್ಟು ಸಾಮಾನ್ಯವಾಗಿ ಏಳು ದಿನದೊಳಗೆ ಮುಗಿಸಬೇಕು. ಕ್ಲಾರಿಥ್ರೊಮೈಸಿನ್ ಸಿರಪ್ಪನ್ನು ಫ್ರಿಜ್ಜಿನಲ್ಲಿ ಇಡಬಾರದು. ಒಂದೊಂದಕ್ಕೆ ಒಂದೊಂದು ಕಟ್ಟಳೆ, ಆದ್ದರಿಂದ ಲೇಬಲ್ ಓದಲೇಬೇಕು. ಕಲಸಿದ ತಾರೀಖನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಪ್ರತಿ ಸಲವೂ ಕುಲುಕಿ ಕೊಡಿ, ಇಲ್ಲದಿದ್ದರೆ ಔಷಧಿ ತಳದಲ್ಲೇ ಕೂತಿರುತ್ತದೆ. ಅಡುಗೆಮನೆಯ ಚಮಚ ಬೇಡ. ಒಂದು ಮನೆಯ ಚಮಚ ಇನ್ನೊಂದು ಮನೆಯದರಂತಿರುವುದಿಲ್ಲ. ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳವನ್ನೋ ಸೂಜಿಯಿಲ್ಲದ ಸಿರಿಂಜನ್ನೋ ಬಳಸಿ.

ಮಕ್ಕಳ ಪ್ರಮಾಣವನ್ನು ಡಾಕ್ಟರು ಲೆಕ್ಕ ಹಾಕುವುದು ಮಗುವಿನ ತೂಕದ ಮೇಲೆ. ಅಣ್ಣನಿಗೆ ಬರೆದದ್ದನ್ನು ತಮ್ಮನಿಗೆ ಅರ್ಧ ಮಾಡಿ ಕೊಡುವುದು ಲೆಕ್ಕವಲ್ಲ, ಅಂದಾಜು.

ಗೋಡೆಯ ಮೇಲಿನ ಲೆಡ್ಜರ್

ಬ್ಯಾಂಕಿನಲ್ಲಿ ಒಬ್ಬ ಬರೆದ ವೋಚರನ್ನು ಇನ್ನೊಬ್ಬ ಪರಿಶೀಲಿಸಿ ಸಹಿ ಹಾಕದೆ ದುಡ್ಡು ಹೊರಗೆ ಹೋಗುತ್ತಿರಲಿಲ್ಲ. ಮಕ್ಕಳೇ, ನಿಮ್ಮ ಕೆಲಸ ಇಲ್ಲಿ ಬಂತು. ಔಷಧಿ ಕೊಡುವುದು ದೊಡ್ಡವರ ಕೆಲಸ, ನೀವು ಬಾಟಲಿ, ಪಟ್ಟಿ ಮುಟ್ಟಬಾರದು. ಆದರೆ ಲೆಕ್ಕ ಇಡುವುದು ನಿಮ್ಮದಾಗಲಿ. ಒಂದು ಹಾಳೆಯಲ್ಲಿ ರೋಗಿಯ ಹೆಸರು, ಔಷಧಿಯ ಹೆಸರು ಬರೆದು, ತಾರೀಖುಗಳನ್ನು ಕೆಳಕ್ಕೆ, ಹೊತ್ತುಗಳನ್ನು ಅಡ್ಡಕ್ಕೆ ಹಾಕಿ ಚೌಕ ಗೀರಿ. ಔಷಧಿ ಗಂಟಲಿಗೆ ಇಳಿದ ಮೇಲಷ್ಟೇ ಆ ಚೌಕದಲ್ಲಿ ಗುರುತು ಹಾಕಿ, ಗಂಟೆ ಬರೆಯಿರಿ. ಕೊನೆಯಲ್ಲೊಂದು ಅಗಲವಾದ ಖಾನೆ ಇರಲಿ. ಜ್ವರ ಎಷ್ಟಿತ್ತು, ವಾಂತಿ ಆಯಿತೇ, ಭೇದಿ ಎಷ್ಟು ಸಲ, ಮೈಮೇಲೆ ಏನಾದರೂ ಎದ್ದಿತೇ ಎಂಬುದಕ್ಕೆ. ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೋ ದೇವರ ಕ್ಯಾಲೆಂಡರಿನ ಪಕ್ಕಕ್ಕೋ ಅಂಟಿಸಿ. ಚೌಕದಲ್ಲಿ ಗುರುತಿದ್ದರೆ ಯಾರೂ ಎರಡನೆಯ ಸಲ ಕೊಡುವುದಿಲ್ಲ.

ದಿನಕ್ಕೆ ಎರಡು ಸಲ ಎಂದರೆ ಸುಮಾರು ಹನ್ನೆರಡು ಗಂಟೆಗೊಮ್ಮೆ, ಮೂರು ಸಲ ಎಂದರೆ ಸುಮಾರು ಎಂಟು ಗಂಟೆಗೊಮ್ಮೆ. ಬೆಳಗಿನ ಮಾತ್ರೆ ಹತ್ತು ಗಂಟೆಗೆ, ರಾತ್ರಿಯದು ಏಳಕ್ಕೆ ಎಂದು ಮಾಡಿದರೆ ರಾತ್ರಿಯಿಡೀ ದೇಹದಲ್ಲಿ ಔಷಧಿ ಕಡಿಮೆಯಾಗುತ್ತದೆ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವೇ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನೂ ಸೇರಿಸಿ ನುಂಗುವುದು ಬೇಡ. ಕೊಟ್ಟ ಸ್ವಲ್ಪ ಹೊತ್ತಿಗೇ ಮಗು ವಾಂತಿ ಮಾಡಿದರೆ ಮತ್ತೆ ಕೊಡಬೇಕೇ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಊಟ, ನೀರು, ಹಾಲು

ಎಲ್ಲ ಮಾತ್ರೆಗೂ ಊಟವಾದ ಮೇಲೆ ಎಂಬ ಒಂದೇ ನಿಯಮ ಇಲ್ಲ. ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಮಾತ್ರೆಯನ್ನು ಊಟದ ಆರಂಭದಲ್ಲಿ ತೆಗೆದುಕೊಂಡರೆ ಹೊಟ್ಟೆಯ ತೊಂದರೆ ಕಡಿಮೆ. ಡಾಕ್ಸಿಸೈಕ್ಲಿನ್ ಆದರೆ ಒಂದು ಲೋಟ ತುಂಬ ನೀರು ಕುಡಿದು, ಅರ್ಧ ಗಂಟೆಯಾದರೂ ನೆಟ್ಟಗೆ ಕೂತಿರಬೇಕು. ನುಂಗಿದ ತಕ್ಷಣ ಮಲಗಿದರೆ ಅದು ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಬಹುದು. ಆ ಮಾತ್ರೆ ತೆಗೆದುಕೊಳ್ಳುವ ದಿನಗಳಲ್ಲಿ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಗದ್ದೆ, ತೋಟದ ಕೆಲಸದವರು ತುಂಬುತೋಳಿನ ಅಂಗಿ ಹಾಕಿಕೊಳ್ಳಬೇಕು, ಕೊಡೆ ಹಿಡಿಯಬೇಕು.

ಹಾಲು, ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ, ಎದೆಯುರಿಗೆ ಕುಡಿಯುವ ಆಂಟಾಸಿಡ್, ಇವು ಡಾಕ್ಸಿಸೈಕ್ಲಿನ್ ಮತ್ತು ಸಿಪ್ರೊಫ್ಲಾಕ್ಸಸಿನ್‌ಗಳನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿ ರಕ್ತಕ್ಕೆ ಸೇರದಂತೆ ಮಾಡುತ್ತವೆ. ನಮ್ಮವರಿಗೆ ಮಾತ್ರೆಯನ್ನು ಹಾಲಿನ ಜೊತೆ ನುಂಗುವ ಅಭ್ಯಾಸ, ಉಷ್ಣವಾಗದಿರಲಿ ಎಂದು. ಈ ಔಷಧಿಗಳಿಗೆ ಅದು ಬೇಡ, ನೀರಿನಲ್ಲೇ ನುಂಗಿ. ಹಾಲು, ಕ್ಯಾಲ್ಸಿಯಂ ಮಾತ್ರೆಗಳಿಗೆ ಎಷ್ಟು ಗಂಟೆಯ ಅಂತರ ಬಿಡಬೇಕೆಂದು ಕೇಳಿ ಹಾಳೆಯ ಮೇಲೆ ಬರೆದುಕೊಳ್ಳಿ. ಮೆಟ್ರೊನಿಡಜೋಲ್ ತೆಗೆದುಕೊಳ್ಳುವವರು ಮದ್ಯದ ಹತ್ತಿರ ಹೋಗಬಾರದು, ಮುಗಿದ ಮೇಲೂ ಎರಡು ಮೂರು ದಿನ. ಮದ್ಯಸಾರ ಸೇರಿದ ಕೆಮ್ಮಿನ ಸಿರಪ್ಪು, ಟಾನಿಕ್ಕುಗಳಿಗೂ ಇದೇ ಮಾತು.

ತಾಳುವುದು, ಫೋನ್ ಮಾಡುವುದು, ಓಡುವುದು

ಅಡ್ಡ ಪರಿಣಾಮ ಎಂದ ಕೂಡಲೇ ಕೆಲವರು ಹೆದರಿ ಮಾತ್ರೆಯನ್ನೇ ಬಿಡುತ್ತಾರೆ. ಇನ್ನು ಕೆಲವರು ಏನಾದರೂ ಆಗಲಿ ಎಂದು ಹಲ್ಲುಕಚ್ಚಿ ಮುಂದುವರಿಸುತ್ತಾರೆ. ಎರಡೂ ಸರಿಯಲ್ಲ. ಯಾವುದು ಯಾವ ಖಾತೆಗೆ ಸೇರಿದ್ದು ಎಂದು ತಿಳಿದಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಮೂರು ಖಾತೆ ಮಾಡಿಕೊಳ್ಳೋಣ.

ಮೊದಲ ಖಾತೆ, ತಾಳಿಕೊಳ್ಳಬಹುದಾದದ್ದು. ಸ್ವಲ್ಪ ವಾಕರಿಕೆ, ಬಾಯಿ ಸಪ್ಪೆ, ದಿನಕ್ಕೆ ಎರಡು ಮೂರು ಸಲ ಸಡಿಲ ಭೇದಿ. ನಮ್ಮ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳೂ ವಾಸವಾಗಿವೆ. ಔಷಧಿ ಅವನ್ನೂ ಬಿಡುವುದಿಲ್ಲ, ಅದಕ್ಕೇ ಭೇದಿ. ಗಂಜಿ, ಮೆತ್ತಗಿನ ಅನ್ನ, ಇಡ್ಲಿ, ಎಳನೀರು, ಮಜ್ಜಿಗೆ ಒಳ್ಳೆಯದು (ಹಾಲು ಕೂಡದ ಮಾತ್ರೆಗಳಿಗೆ ಮಜ್ಜಿಗೆಯನ್ನೂ ಅಂತರ ಬಿಟ್ಟು). ಖಾರ, ಕರಿದದ್ದು ಬೇಡ. ಹೋದ ನೀರನ್ನು ತುಂಬಲು ಓ.ಆರ್.ಎಸ್. ಇರಲಿ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಬೇಕು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಮಟ್ಟದ ಟೀ ಚಮಚ ಉಪ್ಪು. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಾತ್ರ ನೀವಾಗಿ ನುಂಗಬೇಡಿ.

ನೋಡಲು ಹೆದರಿಕೆಯಾಗುವ, ಆದರೆ ಕೆಡುಕಿಲ್ಲದ ಕೆಲವೂ ಈ ಖಾತೆಯಲ್ಲಿವೆ. ಮೆಟ್ರೊನಿಡಜೋಲ್ ತಿಂದರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ, ಕೆಲವೊಮ್ಮೆ ಮೂತ್ರ ಕಂದು ಬಣ್ಣ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ತಿಂದರೆ ಮೂತ್ರ, ಬೆವರು, ಕಣ್ಣೀರು ಕೂಡ ಕಿತ್ತಳೆ-ಕೆಂಪು. ರಕ್ತ ಹೋಗುತ್ತಿದೆ ಎಂದು ಹೆದರಿ ಕ್ಷಯದ ಮಾತ್ರೆ ಬಿಟ್ಟರೆ ಕಾಯಿಲೆ ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ.

ಎರಡನೆಯ ಖಾತೆ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಬೇಕಾದದ್ದು. ಮೈಮೇಲೆ ಹೊಸದಾಗಿ ಎದ್ದ ದದ್ದು ಅಥವಾ ಗಂಧೆ (ಮುಂದಿನ ಹೊತ್ತಿನ ಮಾತ್ರೆಗೆ ಮುಂಚೆಯೇ ಕೇಳಿ). ನಾಲಿಗೆಯ ಮೇಲೆ ಬಿಳಿ ಪದರ, ಹೆಂಗಸರಿಗೆ ಗುಪ್ತಾಂಗದಲ್ಲಿ ತುರಿಕೆ, ಬಿಳಿ ಸ್ರಾವ. ಇದು ಶಿಲೀಂಧ್ರದ ಸೋಂಕು, ಸುಲಭದ ಔಷಧಿ ಇದೆ, ನಾಚಿಕೆಯಿಂದ ಮುಚ್ಚಿಡಬೇಡಿ. ಏನು ಕುಡಿದರೂ ನಿಲ್ಲದ ವಾಂತಿ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ತೆಗೆದುಕೊಳ್ಳುವಾಗ ಹಿಮ್ಮಡಿಯ ಹಿಂದೆ ಹಗ್ಗದಂತೆ ಕೈಗೆ ಸಿಗುವ ಸ್ನಾಯುರಜ್ಜುವಿನಲ್ಲಿ ನೋವು, ಊತ. ಅರವತ್ತು ದಾಟಿದವರಿಗೆ, ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ ಇದು ಹೆಚ್ಚು. ಅದು ಹರಿದುಹೋಗುವುದೂ ಉಂಟು. ನೋವು ಕಂಡ ಕೂಡಲೇ ಮಾತ್ರೆ ನಿಲ್ಲಿಸಿ, ನಡೆದಾಟ ಕಡಿಮೆ ಮಾಡಿ ಡಾಕ್ಟರಿಗೆ ಹೇಳಬೇಕು. ಕಣ್ಣು ಹಳದಿಯಾಗುವುದು, ಮೈಯೆಲ್ಲ ತುರಿಕೆ, ಮೂತ್ರ ಗಾಢವಾಗುವುದು ಲಿವರಿನ ತೊಂದರೆಯ ಗುರುತು. ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಮುಗಿದು ಕೆಲವು ವಾರಗಳಾದ ಮೇಲೂ ಇದು ಕಾಣಿಸಿಕೊಳ್ಳಬಹುದು. ನೀರಿನಂಥ ಭೇದಿ ಹೆಚ್ಚುತ್ತ ಹೋಗುವುದು, ಅದರಲ್ಲಿ ರಕ್ತ, ಜೊತೆಗೆ ಜ್ವರ, ಹೊಟ್ಟೆ ನೋವು ಬಂದರೂ ಹಾಗೆಯೇ. ಇದೂ ಕೋರ್ಸು ಮುಗಿದ ಎಷ್ಟೋ ದಿನಕ್ಕೆ ಬರಬಹುದು. ಹಾಗಾಗಿ ‘ಹೋದ ತಿಂಗಳು ಇಂಥ ಆ್ಯಂಟಿಬಯೋಟಿಕ್ ತಗೊಂಡಿದ್ದೆ’ ಎಂದು ಡಾಕ್ಟರಿಗೆ ಮರೆಯದೆ ಹೇಳಿ.

ಮೂರನೆಯ ಖಾತೆ, ಓಡಬೇಕಾದದ್ದು. ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡ ಮೇಲೆ ತುಟಿ, ನಾಲಿಗೆ, ಮುಖ ಊದಿಕೊಳ್ಳುವುದು, ಉಸಿರಾಟಕ್ಕೆ ಕಷ್ಟ, ಗಂಟಲು ಬಿಗಿಯುವುದು, ಮೈತುಂಬ ಗಂಧೆಯೆದ್ದು ತಲೆ ಸುತ್ತಿ ಬೀಳುವಂತಾಗುವುದು. ಇದರಲ್ಲಿ ನಿಮಿಷಗಳ ಲೆಕ್ಕ. ಮನೆಮದ್ದು ಹುಡುಕುತ್ತ ಕೂರಬೇಡಿ, ನಾಳೆ ನೋಡೋಣ ಎನ್ನಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೋಗಿ. ಮಾತ್ರೆಯ ಪಟ್ಟಿ ಕೈಯಲ್ಲಿರಲಿ. ಚರ್ಮದ ಮೇಲೆ ನೀರುಗುಳ್ಳೆ ಎದ್ದು ಸುಲಿಯುವುದು, ಬಾಯಿ ಕಣ್ಣುಗಳಲ್ಲಿ ಹುಣ್ಣು, ಜೊತೆಗೆ ಜ್ವರ ಬಂದರೂ ಆಸ್ಪತ್ರೆಗೇ ಹೋಗಬೇಕು. ಅಂಥ ಔಷಧಿಯ ಮುಂದಿನ ಹೊತ್ತನ್ನು ನುಂಗಬಾರದು ಎಂದು ಬೇರೆ ಹೇಳಬೇಕಿಲ್ಲ.

ಈ ಖಾತೆಗಳು ಹೇಗೆ ಉಪಯೋಗಕ್ಕೆ ಬರುತ್ತವೆ ಎನ್ನುವುದಕ್ಕೆ ನಮ್ಮ ಮನೆಯದೇ ಒಂದು ಉದಾಹರಣೆ. ನಮ್ಮಾಕೆಗೆ ದವಡೆ ಹಲ್ಲಿನ ಕೀವಿಗೆ ಐದು ದಿನದ ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಬರೆದಿದ್ದರು. ಮೂರನೆಯ ದಿನ ನಾಲ್ಕು ಸಲ ಭೇದಿಯಾಯಿತು. ಪರವೂರಿನಲ್ಲಿರುವ ಮಗ ಫೋನಿನಲ್ಲಿ ‘ನಿಲ್ಲಿಸಿಬಿಡಮ್ಮ’ ಎಂದ. ಪಕ್ಕದ ಮನೆಯಾಕೆ ‘ಅಯ್ಯೋ, ನಿಲ್ಲಿಸಬಾರದು’ ಎಂದರು. ಆಕೆ ಇಬ್ಬರ ಮಾತನ್ನೂ ಕೇಳಲಿಲ್ಲ. ಹಾಳೆ ಎದುರಿಗಿಟ್ಟುಕೊಂಡು ಡಾಕ್ಟರಿಗೇ ಫೋನ್ ಮಾಡಿದಳು. ಅವರು ಎಷ್ಟು ಸಲ, ರಕ್ತ ಇದೆಯೇ, ಜ್ವರ ಇದೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ಕೇಳಿದರು. ಎಲ್ಲಕ್ಕೂ ಹಾಳೆಯಲ್ಲಿ ಉತ್ತರ ಇತ್ತು. ಮಾತ್ರೆಯನ್ನು ಊಟದ ಮೊದಲ ತುತ್ತಿನ ಜೊತೆ ತೆಗೆದುಕೊಳ್ಳಿ, ಓ.ಆರ್.ಎಸ್. ಕುಡಿಯುತ್ತಿರಿ, ಹೆಚ್ಚಾದರೆ ಮತ್ತೆ ಫೋನ್ ಮಾಡಿ ಎಂದರು. ಎರಡು ನಿಮಿಷದಲ್ಲಿ ಮನೆಯ ಚರ್ಚೆ ಮುಗಿಯಿತು. ಮಾತ್ರೆಯೂ ಐದನೆಯ ದಿನಕ್ಕೆ ಮುಗಿಯಿತು.

ಎಷ್ಟು ದಿನ, ಉಳಿದದ್ದು ಏನು ಮಾಡುವುದು

ಕೆಲವಕ್ಕೆ ಮೂರು ದಿನ, ಕೆಲವಕ್ಕೆ ಏಳು ದಿನ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಬಂದ ಗಂಟಲು ನೋವಿಗೆ ಪೆನಿಸಿಲಿನ್ ಮಾತ್ರೆ ಸಾಮಾನ್ಯವಾಗಿ ಹತ್ತು ದಿನ. ಎರಡೇ ದಿನಕ್ಕೆ ನೋವು ಹೋದರೂ ಹತ್ತು ದಿನ ಕೊಡುವುದೇಕೆ? ಆ ಬ್ಯಾಕ್ಟೀರಿಯಾ ಉಳಿದುಕೊಂಡರೆ ಮುಂದೆ ಕೀಲುಗಳಿಗೂ ಹೃದಯದ ಕವಾಟಗಳಿಗೂ ಹಾನಿ ಮಾಡುವ ರುಮ್ಯಾಟಿಕ್ ಜ್ವರ ಬರಬಹುದು ಎಂಬ ಕಾರಣಕ್ಕೆ. ಮಾಮೂಲಿ ಕ್ಷಯಕ್ಕೆ ಆರು ತಿಂಗಳು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹುಷಾರಾಯಿತೆಂದು ನಾವಾಗಿ ನಿಲ್ಲಿಸಬಾರದು, ಇನ್ನೆರಡು ದಿನ ಇರಲಿ ಎಂದು ನಾವಾಗಿ ಬೆಳೆಸಲೂಬಾರದು. ಬೇಕಿಲ್ಲದ ದಿನಗಳೂ ಬ್ಯಾಕ್ಟೀರಿಯಾಗಳಿಗೆ ಪಾಠ ಹೇಳಿಕೊಡುತ್ತವೆ. ಎರಡು ಮೂರು ದಿನವಾದರೂ ಜ್ವರ ಇಳಿಯದಿದ್ದರೆ, ಮುಂಚೆಯೇ ಹೆಚ್ಚಾದರೆ, ಮತ್ತೆ ತೋರಿಸಿ.

ಡಾಕ್ಟರು ಔಷಧಿ ಬದಲಿಸಿದರೆ ಹಳೆಯ ಪಟ್ಟಿಯಲ್ಲಿ ಮಾತ್ರೆ ಉಳಿಯುತ್ತದೆ. ಇದನ್ನು ಉಳಿತಾಯ ಖಾತೆ ಎಂದು ತಿಳಿಯಬೇಡಿ. ಮುಂದಿನ ಸಲದ ಜ್ವರಕ್ಕೆ, ಮಹಡಿ ಮನೆಯವರ ಕೆಮ್ಮಿಗೆ, ಊರಿಂದ ಬಂದ ಅತ್ತಿಗೆಯ ಹಲ್ಲುನೋವಿಗೆ ಆ ನಾಲ್ಕು ಮಾತ್ರೆ ಹೋಗುತ್ತವೆ. ಫ್ಲೆಮಿಂಗ್ ಹೇಳಿದ ಕತೆ ಶುರುವಾಗುವುದೇ ಹಾಗೆ. ಮಕ್ಕಳ ಕೈಗೆ ಸಿಗದಂತೆ ತೆಗೆದಿಟ್ಟು, ಮುಂದಿನ ಸಲ ಹೋದಾಗ ಔಷಧಿ ಅಂಗಡಿಯವರನ್ನೋ ಆಸ್ಪತ್ರೆಯವರನ್ನೋ ಕೇಳಿ ವಿಲೇವಾರಿ ಮಾಡಿ. ಬಚ್ಚಲಿಗೆ ಸುರಿಯಬೇಡಿ.

ಒಂದು ಫೋನ್ ನಂಬರನ್ನೂ ಬರೆದುಕೊಳ್ಳಿ, 1800-180-3024. ಔಷಧಿಗಳ ಅಡ್ಡ ಪರಿಣಾಮಗಳನ್ನು ದಾಖಲಿಸುವ ಕೇಂದ್ರ ಸರ್ಕಾರದ ಕಾರ್ಯಕ್ರಮದ ಉಚಿತ ಸಹಾಯವಾಣಿ ಇದು. ಡಾಕ್ಟರೇ ಆಗಬೇಕೆಂದಿಲ್ಲ, ತೊಂದರೆಯಾದ ಯಾರೂ ತಿಳಿಸಬಹುದು. ಆದರೆ ಇದು ದಾಖಲಿಸಲು ಇರುವ ನಂಬರು, ಚಿಕಿತ್ಸೆಗಲ್ಲ. ತುರ್ತಿಗೆ 108.

ಮಕ್ಕಳೇ, ಈ ಭಾನುವಾರ ಒಂದು ನೋಟ್‌ಬುಕ್ಕಿನ ಪುಟದಲ್ಲಿ ಮನೆಯವರ ಹೆಸರುಗಳನ್ನೆಲ್ಲ ಬರೆಯಿರಿ. ಪ್ರತಿ ಹೆಸರಿನ ಮುಂದೆ ಮೂರು ಖಾನೆ ಗೀರಿ. ದಿನವೂ ತೆಗೆದುಕೊಳ್ಳುವ ಮಾತ್ರೆ ಯಾವುದು, ಯಾವ ಔಷಧಿ ಒಗ್ಗುವುದಿಲ್ಲ, ಆಗ ಏನಾಗಿತ್ತು. ಅಜ್ಜ ಅಜ್ಜಿಯರಿಂದ ಶುರು ಮಾಡಿ, ಅವರ ಖಾನೆ ತುಂಬಲು ಹೊತ್ತು ಹಿಡಿಯುತ್ತದೆ. ಬರೆದದ್ದನ್ನು ಅಪ್ಪನಿಗೋ ಅಮ್ಮನಿಗೋ ತೋರಿಸಿ, ಮಾತ್ರೆಯ ಡಬ್ಬದ ಜೊತೆ ತಾಳೆ ನೋಡಿಸಿ, ಕೆಳಗೆ ತಾರೀಖು ಹಾಕಿಸಿಕೊಳ್ಳಿ. ಅದರ ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಡಾಕ್ಟರ ಹತ್ತಿರ ಹೋಗುವ ಕೈಚೀಲದಲ್ಲಿರಲಿ.